ಸಿ ಭಾಷೆಯ ಹಳೆಯ ಲೈಬ್ರರಿಯನ್ನು ಹಂತಹಂತವಾಗಿ ರಸ್ಟ್‌ಗೆ ತರುವ ಬಗೆ

1973ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಕರ್ನಲ್ಲನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದ ಮೇಲೆ, ಐದು ದಶಕಗಳಾದರೂ ಆ ಭಾಷೆಯ ಜಾಗ ತೆರವಾಗಿಲ್ಲ. ಪೈಥಾನ್, ರೂಬಿ, ರಸ್ಟ್ ಇವೆಲ್ಲವೂ ಬೇರೊಂದು ಭಾಷೆಯಲ್ಲಿ ಬರೆದ ಲೈಬ್ರರಿಯನ್ನು ಕರೆಯಬೇಕಾದಾಗ ಸಾಮಾನ್ಯವಾಗಿ ಸಿ ಭಾಷೆಯ ಕರೆ ಪದ್ಧತಿಯನ್ನೇ (ಒಂದು ಫಂಕ್ಷನ್ ಇನ್ನೊಂದನ್ನು ಕರೆದು ಮಾಹಿತಿ ಕೊಟ್ಟು ಪಡೆಯುವ ನಿಯಮಗಳನ್ನೇ) ಆಶ್ರಯಿಸುತ್ತವೆ. ಸಿ ಇಷ್ಟು ಕಾಲ ಬಾಳಿರುವುದಕ್ಕೆ ಅದರ ವ್ಯಾಕರಣಕ್ಕಿಂತ ಈ ಪದ್ಧತಿಯೇ ದೊಡ್ಡ ಕಾರಣವೆಂದು ನಾನು ನಂಬುತ್ತೇನೆ. ಆದ್ದರಿಂದ ಮೆಮೊರಿ ದೋಷಗಳನ್ನು (ಮೆಮೊರಿಯ ತಪ್ಪು ಜಾಗದಲ್ಲಿ ಓದುವ, ಬರೆಯುವಂತಹವನ್ನು) ತಡೆಯುವಂತೆ ರೂಪಿಸಿದ ರಸ್ಟ್‌ಗೆ ಬದಲಾಗಲು ಹೊರಟವರು ಲೈಬ್ರರಿಯ ಹೆಡರ್ ಫೈಲನ್ನು (ಅದರ ಫಂಕ್ಷನ್‌ಗಳ ಹೆಸರುಗಳನ್ನು ಬಳಸುವವರಿಗೆ ತಿಳಿಸುವ ಫೈಲನ್ನು) ಮುಟ್ಟದೆ, ಅದರ ಹಿಂದಿರುವ ಫಂಕ್ಷನ್‌ಗಳನ್ನು ಮಾತ್ರ ಒಂದೊಂದಾಗಿ ಬದಲಿಸಬೇಕು. ಎಸ್‌ವಿಜಿ ಚಿತ್ರಗಳನ್ನು ಮೂಡಿಸುವ ಲಿಬ್‌ಆರ್‌ಎಸ್‌ವಿಜಿ ಲೈಬ್ರರಿಯನ್ನು ಫೆಡೆರಿಕೊ ಮೆನಾ ಕಿಂಟೆರೊ 2016ರಿಂದ ರಸ್ಟ್‌ಗೆ ತಂದದ್ದು ಹೀಗೆಯೇ. ಅದನ್ನು ಬಳಸುತ್ತಿದ್ದ ಸಿ ಪ್ರೋಗ್ರಾಮ್‌ಗಳು ಹಳೆಯ ಹೆಸರುಗಳಿಂದಲೇ ಅದನ್ನು ಕರೆಯುತ್ತ ಬಂದವು.

ಮೊದಲು ಯಾವ ಭಾಗವನ್ನು ಆರಿಸಬೇಕೆಂಬುದು ಮುಖ್ಯ. ಆಂಡ್ರಾಯ್ಡ್‌ನಲ್ಲಿ ಮೆಮೊರಿ ದೋಷಗಳಿಂದಾಗುವ ಭದ್ರತಾ ಲೋಪಗಳ ಪಾಲು 2019ರಲ್ಲಿ ಶೇ. 76ರಷ್ಟಿದ್ದು, 2024ರ ಹೊತ್ತಿಗೆ ಶೇ. 24ಕ್ಕೆ ಇಳಿಯಿತು. ಅಲ್ಲಿ ಹಳೆಯ ಕೋಡನ್ನೆಲ್ಲ ಅನುವಾದಿಸಲಿಲ್ಲ. ಹೊಸ ಕೋಡನ್ನು ಹೆಚ್ಚುಹೆಚ್ಚಾಗಿ ರಸ್ಟ್‌ನಂತಹ ಸುರಕ್ಷಿತ ಭಾಷೆಗಳಲ್ಲಿ ಬರೆದರು. ಇಂತಹ ಲೋಪಗಳು ಹೊಸದಾಗಿ ಬರೆದ ಅಥವಾ ಇತ್ತೀಚೆಗೆ ತಿದ್ದಿದ ಸಾಲುಗಳಲ್ಲಿಯೇ ಹೆಚ್ಚಾಗಿರುತ್ತವೆ. ವರ್ಷಗಟ್ಟಲೆ ಪೆಟ್ಟು ತಿಂದು ಗಟ್ಟಿಯಾದ ಸಿ ಕೋಡನ್ನು ಹಾಗೆಯೇ ಬಿಡುವುದು ಲೇಸು. ಹೊಸ ಮಾಡ್ಯೂಲ್‌ಗಳನ್ನೂ, ಹೊರಗಿನಿಂದ ಬರುವ ಚಿತ್ರ, ಫಾಂಟ್, ನೆಟ್‌ವರ್ಕ್ ಪ್ಯಾಕೆಟ್‌ಗಳನ್ನು ಓದುವ ಪಾರ್ಸರ್‌ಗಳನ್ನೂ ಮೊದಲು ತೆಗೆದುಕೊಳ್ಳಿ. ಪ್ಯಾಕೆಟ್ಟಿನಲ್ಲಿ ನಮೂದಾಗಿದ್ದ ಉದ್ದವನ್ನು ಪರೀಕ್ಷಿಸದೆ ನಂಬಿದ್ದೇ, ಗೂಢಲಿಪಿ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನಲ್ಲಿ 2014ರಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ಲೋಪಕ್ಕೆ ಕಾರಣವೆಂಬುದನ್ನು ಇಲ್ಲಿ ನೆನೆಯಬೇಕು.

ಹೆಚ್ಚಿನ ಶ್ರಮ ಬೇಡುವುದು ಎರಡು ಭಾಷೆಗಳು ಸಂಧಿಸುವ ಗಡಿ. ಉದಾಹರಣೆಗೆ, ಒಂದು ಬಫರಿನ (ಡೇಟಾ ಇಟ್ಟ ಮೆಮೊರಿ ತುಣುಕಿನ) ಪಾಯಿಂಟರನ್ನೂ, ಅಂದರೆ ವಿಳಾಸವನ್ನೂ, ಅದರ ಉದ್ದವನ್ನೂ ಪಡೆಯುವ ಫಂಕ್ಷನ್ನನ್ನು ಗಮನಿಸಿ. ಡೇಟಾ ಇಲ್ಲದಿದ್ದಾಗ ನಲ್ ಪಾಯಿಂಟರ್ (ಯಾವ ಜಾಗವನ್ನೂ ತೋರಿಸದ ಪಾಯಿಂಟರ್) ಮತ್ತು ಸೊನ್ನೆ ಉದ್ದವನ್ನು ಕಳಿಸುವುದು ಸಿ ಪ್ರೋಗ್ರಾಮರ್‌ಗಳ ರೂಢಿ. ಆದರೆ ರಸ್ಟ್‌ನ ಸ್ಲೈಸ್ (ಪಾಯಿಂಟರನ್ನೂ ಉದ್ದವನ್ನೂ ಜೊತೆಯಾಗಿಟ್ಟ ಜೋಡಿ), ಉದ್ದ ಸೊನ್ನೆಯಾಗಿದ್ದರೂ, ನಲ್ ಪಾಯಿಂಟರನ್ನು ಒಪ್ಪುವುದಿಲ್ಲ. ಪರೀಕ್ಷಿಸದೆ ಸ್ಲೈಸ್ ಕಟ್ಟಿದರೆ ಪ್ರೋಗ್ರಾಮಿನ ವರ್ತನೆಗೆ ಯಾವ ಖಾತರಿಯೂ ಉಳಿಯದು. ಆದ್ದರಿಂದ ಗಡಿಯ ಫಂಕ್ಷನ್ನಿನ ಮೊದಲ ಸಾಲಿನಲ್ಲೇ ನಲ್ ಆಗಿದೆಯೇ ಎಂದು ನೋಡಿ, ಆಗಿದ್ದರೆ ಖಾಲಿ ಸ್ಲೈಸನ್ನು ಬಳಸಿ. ರಸ್ಟ್ ಕಂಪೈಲರ್ ಸುರಕ್ಷತೆಯ ಖಾತರಿ ಕೊಡದ, ಅನ್‌ಸೇಫ್ ಗುರುತಿನ ಸಾಲುಗಳೆಲ್ಲ ಈ ತೆಳುವಾದ ಪದರದಲ್ಲಿಯೇ ಮುಗಿದು, ಒಳಗಿನ ಪಾರ್ಸರ್ ಸ್ಲೈಸನ್ನು ಮಾತ್ರ ಕಾಣುವಂತಿರಬೇಕು.

ರಸ್ಟ್ ಕಡೆ ಪಡೆದ ಮೆಮೊರಿಯನ್ನು ಸಿ ಕಡೆಯ ಫ್ರೀ ಫಂಕ್ಷನ್ನಿಗೆ ಎಂದೂ ಒಪ್ಪಿಸಬಾರದು. ಅದನ್ನು ಬಿಡುಗಡೆ ಮಾಡಲು ರಸ್ಟ್‌ನಲ್ಲೇ ಬರೆದ ಪ್ರತ್ಯೇಕ ಫಂಕ್ಷನ್ ಒದಗಿಸಿ. ಪ್ಯಾನಿಕ್, ಅಂದರೆ ಮುಂದುವರಿಯಲಾಗದ ತಪ್ಪು ಎದುರಾದಾಗ ರಸ್ಟ್ ಎಬ್ಬಿಸುವ ಸ್ಥಿತಿ, ಗಡಿ ದಾಟಿ ಸಿ ಕಡೆಗೆ ಹರಿಯಬಾರದು. ರಸ್ಟ್‌ನ 1.81ನೇ ಆವೃತ್ತಿಯಿಂದ ಅಂತಹ ಪ್ಯಾನಿಕ್ ಇಡೀ ಪ್ರೋಗ್ರಾಮನ್ನು ನಿಲ್ಲಿಸುತ್ತದೆ. ಇದು ಮೊದಲಿಗಿಂತ ಸುರಕ್ಷಿತವೇ ಆದರೂ, ನಿಲ್ಲಬಾರದ ಸರ್ವರ್‌ನಲ್ಲಿ ಅದನ್ನು ಒಳಗೇ ಹಿಡಿದು ಎರರ್ ಕೋಡ್ ಮರಳಿಸುವುದು ಉತ್ತಮ.

ಹಳೆಯ ಸಿ ಫೈಲನ್ನು ಕೂಡಲೇ ಅಳಿಸಬೇಡಿ. ಬಿಲ್ಡ್ ಆಯ್ಕೆಯೊಂದರ ಮೂಲಕ ಎರಡನ್ನೂ ಉಳಿಸಿಕೊಂಡು, ಫಜರ್ (ಯದೃಚ್ಛೆಯ ಇನ್‌ಪುಟ್ ಕೊಟ್ಟು ದೋಷ ಹುಡುಕುವ ಪರೀಕ್ಷಾ ಸಾಧನ) ಹುಟ್ಟಿಸುವ ಅದೇ ಇನ್‌ಪುಟ್ಟನ್ನು ಎರಡಕ್ಕೂ ಕೊಟ್ಟು ಉತ್ತರಗಳನ್ನು ಹೋಲಿಸಿ. ವ್ಯತ್ಯಾಸ ಕಂಡಾಗ ರಸ್ಟ್‌ನದೇ ತಪ್ಪೆಂದು ಭಾವಿಸಬೇಡಿ. ಹಳೆಯ ಕೋಡಿನಲ್ಲಿ ಅಡಗಿದ್ದ ದೋಷವೂ ಹೀಗೆಯೇ ಹೊರಬೀಳುತ್ತದೆ. ಆದರೆ ಆ ದೋಷವನ್ನೇ ನೆಚ್ಚಿಕೊಂಡ ಬಳಕೆದಾರರು ಇದ್ದಾರೆಯೇ ಎಂದು ವಿಚಾರಿಸಿ, ತಿದ್ದುಪಡಿಯನ್ನು ಬಿಡುಗಡೆಯ ಟಿಪ್ಪಣಿಯಲ್ಲಿ ನಮೂದಿಸಿದ ಬಳಿಕವೇ ಸಿ ಫೈಲನ್ನು ತೆಗೆಯಿರಿ.