ಬೇರೆ ದೇಶದ ಕೋರ್ಟಿನ ಕಾಗದಪತ್ರ: ಹೊಸಬರಿಗೆ ಮಾರ್ಗದರ್ಶಿ

ವಿಚ್ಛೇದನದ ಡಿಕ್ರಿ, ದತ್ತು ಆದೇಶ, ಮಕ್ಕಳ ಸುಪರ್ದಿಯ ತೀರ್ಪು ಹಿಡಿದು ಹೊಸ ದೇಶದ ಕಚೇರಿಗೆ ಹೋದರೆ ಎರಡು ಪ್ರಶ್ನೆ ಏಳುತ್ತವೆ. ಈ ಕಾಗದ ನಿಜಕ್ಕೂ ಆ ಕೋರ್ಟಿನದೇ? ಹೌದಾದರೆ, ಆ ತೀರ್ಪು ಇಲ್ಲಿ ನಡೆಯುತ್ತದೆಯೇ? ಮೊದಲನೆಯದು ದೃಢೀಕರಣ, ಎರಡನೆಯದು ಮಾನ್ಯತೆ. ಒಂದು ಸಿಕ್ಕರೆ ಇನ್ನೊಂದೂ ಸಿಕ್ಕಿತು ಎಂದುಕೊಂಡವರೇ ಹೆಚ್ಚು ಅಲೆಯುವುದು.

ತೀರ್ಪು ಕೊಟ್ಟ ಕೋರ್ಟಿನಿಂದಲೇ ದೃಢೀಕೃತ ನಕಲು ತೆಗೆಸಿ. ಎರಡು ಪ್ರತಿ ಇದ್ದರೆ ಒಳ್ಳೆಯದು. ಪ್ರಕರಣದ ಸಂಖ್ಯೆ, ಮೊಹರು, ನಕಲು ಕೊಟ್ಟ ಅಧಿಕಾರಿಯ ಸಹಿ, ಹೆಸರು, ಹುದ್ದೆ, ದಿನಾಂಕ ಎಲ್ಲವೂ ಓದುವಂತಿರಲಿ. ಮೇಲ್ಮನವಿ ಬಾಕಿ ಇಲ್ಲ, ತೀರ್ಪು ಅಂತಿಮ ಎನ್ನುವ ಪ್ರಮಾಣಪತ್ರ ಸಿಗುವುದಾದರೆ ಅದನ್ನೂ ಆಗಲೇ ಕೇಳಿ.

ವಿದೇಶಿ ಕಾಗದಗಳ ದೃಢೀಕರಣವನ್ನು ಸರಳಗೊಳಿಸುವ 1961ರ ಹೇಗ್ ಒಪ್ಪಂದ ಎರಡೂ ದೇಶಗಳ ನಡುವೆ ಜಾರಿಯಲ್ಲಿದ್ದರೆ ದೃಢೀಕರಣಕ್ಕೆ ಅಪೋಸ್ಟಿಲ್ (ಕಾಗದದ ಮೇಲಿನ ಸಹಿ, ಮೊಹರು ಅಸಲಿ ಎನ್ನುವ ಸರ್ಕಾರಿ ಪ್ರಮಾಣಪತ್ರ) ಸಾಕು. ಅದನ್ನು ಕೊಡುವುದು ಕಾಗದ ಹುಟ್ಟಿದ ದೇಶ, ನೀವು ಈಗ ಇರುವ ದೇಶವಲ್ಲ. ಅದರಲ್ಲಿ ಸಂಖ್ಯೆ ಹಾಕಿದ 10 ಅಂಶಗಳಿರುತ್ತವೆ. 2ರಲ್ಲಿ ಸಹಿ ಯಾರದು, 3ರಲ್ಲಿ ಅವರ ಹುದ್ದೆ, 4ರಲ್ಲಿ ಮೊಹರು ಯಾವ ಕಚೇರಿಯದು ಎಂದಿರುತ್ತದೆ. ಈ ಮೂರನ್ನು ನಕಲಿನ ಜೊತೆ ಇಟ್ಟು ಹೋಲಿಸಿ. 3ರಲ್ಲಿ ‘ನೋಟರಿ’ ಎಂದಿದ್ದರೆ ದೃಢಪಟ್ಟಿರುವುದು ಜೆರಾಕ್ಸ್ ಮೇಲಿನ ನೋಟರಿಯ ಸಹಿಯೇ ಹೊರತು ಕೋರ್ಟಿನದಲ್ಲ. ಬೇಗ ಆಗಲೆಂದು ಏಜೆಂಟರು ಹಿಡಿಯುವ ದಾರಿ ಇದು. ಅಂಥ ಕಾಗದ ಹಲವೆಡೆ ವಾಪಸ್ಸು ಬರುತ್ತದೆ. 8ರಲ್ಲಿರುವ ಸಂಖ್ಯೆಯನ್ನು ಕೊಟ್ಟ ಕಚೇರಿಯ ನೋಂದಣಿ ಪುಸ್ತಕದಲ್ಲಿ ತಾಳೆ ನೋಡಬಹುದು, ಎಷ್ಟೋ ದೇಶಗಳಲ್ಲಿ ಆನ್‌ಲೈನ್‌ನಲ್ಲೇ. ಒಪ್ಪಂದ ಇಲ್ಲದ ಕಡೆ ಸಾಮಾನ್ಯವಾಗಿ ವಿದೇಶಾಂಗ ಇಲಾಖೆ, ಆಮೇಲೆ ರಾಯಭಾರ ಕಚೇರಿ ಎಂದು ಸುತ್ತಬೇಕು.

ಸ್ಕ್ಯಾನ್ ಮಾಡಲೆಂದು ಸ್ಟೇಪಲ್ ಪಿನ್ ಕೀಳಬೇಡಿ, ಪುಟ ಬದಲಾಗಿದೆ ಎಂಬ ಅನುಮಾನ ಬರುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಅನುವಾದವನ್ನು ಅಪೋಸ್ಟಿಲ್ ಬಂದ ಮೇಲೆ ಮಾಡಿಸಿದರೆ ಅದರ ಪಠ್ಯವೂ ಸೇರುತ್ತದೆ. ಯಾವ ಅನುವಾದಕರ ಕೆಲಸ ನಡೆಯುತ್ತದೆ ಎಂದು ಕಾಗದ ಪಡೆಯುವ ಕಚೇರಿಯನ್ನೇ ಕೇಳಿಕೊಳ್ಳಿ.

ಮಾನ್ಯತೆಯ ಹಂತದಲ್ಲಿ ಸಾಮಾನ್ಯವಾಗಿ ನೋಡುವುದು ಇಷ್ಟು: ಆ ಕೋರ್ಟಿಗೆ ಅಧಿಕಾರವಿತ್ತೇ, ಎದುರುದಾರರಿಗೆ ನೋಟಿಸ್ ಮುಟ್ಟಿತ್ತೇ, ತೀರ್ಪು ಅಂತಿಮವೇ, ಮೋಸವೇನಾದರೂ ಇದೆಯೇ. ಎದುರುದಾರರು ಬಾರದೆ ಏಕಪಕ್ಷೀಯವಾಗಿ ಬಂದ ತೀರ್ಪುಗಳು ಎಡವುವುದು ಹೆಚ್ಚಾಗಿ ನೋಟಿಸ್ ವಿಷಯದಲ್ಲೇ. ಹಾಗಾಗಿ ನೋಟಿಸ್ ಜಾರಿಯಾದ ದಾಖಲೆಯ ದೃಢೀಕೃತ ನಕಲೂ ಜೊತೆಗಿರಲಿ. ಜೀವನಾಂಶ ವಸೂಲಿಗೆ ಸಾಮಾನ್ಯವಾಗಿ ಪ್ರತ್ಯೇಕ ಅರ್ಜಿ ಬೇಕು. ಅದಕ್ಕೆ ಸ್ಥಳೀಯ ವಕೀಲರನ್ನೇ ಹಿಡಿಯಿರಿ.