ಹನಿ ಎಣಿಸಿ, ಮೇಲ್ಮೈ ಎಳೆತ ಅಳೆಯಿರಿ

ಆಷಾಢದ ಮಳೆ ಹಿಡಿದು ಕೂತಿತ್ತು. ಶಿವಮೊಗ್ಗದಲ್ಲಿ ಬಿ.ಫಾರ್ಮ ಓದುವ ಅಕ್ಕನ ಮಗಳು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬಂದಿದ್ದಳು. ಕೈಯಲ್ಲಿ ಮೂರನೇ ಸೆಮಿಸ್ಟರಿನ ಫಿಸಿಕಲ್ ಫಾರ್ಮಸ್ಯುಟಿಕ್ಸ್ ಪುಸ್ತಕ. "ಮಾವ, ಸರ್ಫೇಸ್ ಟೆನ್ಶನ್ ಪಾಠ ಉರು ಹೊಡೆದ್ರೂ ತಲೆಗೆ ಹೋಗ್ತಿಲ್ಲ" ಅಂದಳು. ಪುಸ್ತಕ ಮುಚ್ಚಿಸಿ ಹಿತ್ತಲಿಗೆ ಕರೆದುಕೊಂಡು ಹೋದೆ. ಅಲ್ಲಿ ಪತ್ರೊಡೆಗೆಂದು ಬೆಳೆಸಿದ ಕೆಸುವಿನ ಎಲೆಗಳ ಮೇಲೆ ಮಳೆಹನಿಗಳು ಮುತ್ತಿನ ಹಾಗೆ ಉರುಳಾಡುತ್ತಿದ್ದವು.

ಆಗ ನಾವಿಬ್ಬರೂ ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಫಾರ್ಮಸಿ ಓದುವ ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು.

ಮೊದಲು ಹನಿ ಯಾಕೆ ದುಂಡಗಿರುತ್ತದೆ ಅಂತ ತಿಳಿದುಕೊಳ್ಳಿ. ನೀರಿನ ಒಳಗಿರುವ ಅಣುವನ್ನು ಸುತ್ತಲಿನ ಅಣುಗಳು ಎಲ್ಲಾ ಕಡೆಯಿಂದಲೂ ಎಳೆಯುತ್ತವೆ. ಮೇಲ್ಮೈಯಲ್ಲಿರುವ ಅಣುವಿಗೆ ಮೇಲಿನಿಂದ ಎಳೆಯುವವರಿಲ್ಲ. ಅದನ್ನು ಪಕ್ಕಕ್ಕೆ ಮತ್ತು ಒಳಕ್ಕೆ ಮಾತ್ರ ಎಳೆಯುತ್ತವೆ. ಹಾಗಾಗಿ ಮೇಲ್ಮೈ ಆದಷ್ಟೂ ಕುಗ್ಗಿ ಕೂರುತ್ತದೆ. ಈ ಬಿಗಿತವೇ ಮೇಲ್ಮೈ ಎಳೆತ, ಅಂದರೆ ಸರ್ಫೇಸ್ ಟೆನ್ಶನ್. 25 ಡಿಗ್ರಿಯಲ್ಲಿ ನೀರಿಗೆ ಇದು ಸೆಂಟಿಮೀಟರಿಗೆ 72 ಡೈನ್ (ಡೈನ್ ಅಂದರೆ ಬಲದ ಒಂದು ಸಣ್ಣ ಅಳತೆ). ಬಿಸಿ ಹೆಚ್ಚಿದಂತೆ ಬಿಗಿತ ಕಡಿಮೆಯಾಗುತ್ತದೆ. ನೀರಿನ ಮೇಲೆ ಗಾಳಿಯ ಬದಲು ಎಣ್ಣೆ ಇದ್ದರೆ ಎಣ್ಣೆಯ ಅಣುಗಳೂ ನೀರನ್ನು ಸ್ವಲ್ಪ ಎಳೆಯುತ್ತವೆ. ಹಾಗಾಗಿ ಅಲ್ಲಿನ ಬಿಗಿತ ಕಡಿಮೆ. ಆಲಿವ್ ಎಣ್ಣೆ ಮತ್ತು ನೀರಿನ ನಡುವೆ ಸುಮಾರು 23 ಡೈನ್ ಅಷ್ಟೇ. ಇದೇ ಇಂಟರ್‌ಫೇಶಿಯಲ್ ಟೆನ್ಶನ್.

ಈಗ ಅಳೆಯೋಣ.

ಔಷಧಿ ಅಂಗಡಿಯಿಂದ ಒಂದು ಹೊಸ ಡ್ರಿಪ್ ಸೆಟ್ ತನ್ನಿ, ಗ್ಲೂಕೋಸ್ ಏರಿಸುತ್ತಾರಲ್ಲ ಅದೇ. ಅದರ ಕವರಿನ ಮೇಲೆ ಒಂದು ಎಂಎಲ್‌ಗೆ ಇಷ್ಟು ಹನಿ ಅಂತ ಬರೆದಿರುತ್ತದೆ. 20 ಹನಿಯದ್ದು ಸಾಕು. ಖಾಲಿ ನೀರಿನ ಬಾಟಲಿಯ ಮುಚ್ಚಳಕ್ಕೆ ಅದರ ಮೊನೆ ಚುಚ್ಚಿ. ಬಾಟಲಿಯ ತಳ ಕತ್ತರಿಸಿ, ತಲೆಕೆಳಗು ಮಾಡಿ ಗಳುವಿಗೆ ಕಟ್ಟಿ. ಕೆಳಗೆ ಅಳತೆಗೆ 5 ಎಂಎಲ್ ಸಿರಿಂಜ್ ಇಡಿ. ಪ್ಲಂಜರ್ ತೆಗೆದು ತುದಿ ಮುಚ್ಚಿದರೆ ಅದೇ ಅಳತೆ ಪಾತ್ರೆ.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಎಲ್ಲವೂ ಚೊಕ್ಕವಾಗಿರಬೇಕು. ನಾನು ಓದುವಾಗ ಮೊದಲ ಸಲ ನೀರನ್ನು ಅಳೆದು 58 ಅಂತ ಬರೆದಿದ್ದೆ. ಪಿಪೆಟ್ ತೊಳೆದ ಸೋಪು ಪೂರ್ತಿ ಹೋಗಿರಲಿಲ್ಲ. ಕಣ್ಣಿಗೆ ಕಾಣದಷ್ಟು ಪಸೆ ಇದ್ದರೂ ಲೆಕ್ಕ ಕೆಡುತ್ತದೆ. ಬೆರಳಿನ ಜಿಡ್ಡೂ ಅಷ್ಟೇ. ಬಿಸಿನೀರಲ್ಲಿ ನಾಲ್ಕಾರು ಸಲ ಜಾಲಿಸಿ, ಕೊನೆಗೆ ಡಿಸ್ಟಿಲ್ಡ್ ನೀರು ಹಾಯಿಸಿ, ತುದಿ ಮುಟ್ಟಬೇಡಿ.

ಈ ಪಸೆಯ ವಿಷಯವನ್ನೇ ಹಿಡಿದು ದೊಡ್ಡ ಕೆಲಸ ಮಾಡಿದ ಹೆಣ್ಣುಮಗಳೊಬ್ಬಳಿದ್ದಳು, ಜರ್ಮನಿಯ ಆಗ್ನೆಸ್ ಪೊಕೆಲ್ಸ್. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲ. ಅವಳು ಮನೆಯ ಅಡುಗೆಮನೆಯಲ್ಲೇ ತಗಡಿನ ತೊಟ್ಟಿ ಮಾಡಿಕೊಂಡು, ಅದರ ನೀರಿನಿಂದ ಒಂದು ಬಟನ್ನನ್ನು ಎತ್ತಲು ಎಷ್ಟು ಬಲ ಬೇಕು ಅಂತ ತಕ್ಕಡಿಯಲ್ಲಿ ತೂಗಿ ನೋಡಿದಳು. 1891ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿಗೆ ಪತ್ರ ಬರೆದಳು. ಅವರು ಅದನ್ನು 'ನೇಚರ್' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ನಮ್ಮ ಹುಡುಗಿ ಈ ಕಥೆ ಕೇಳಿದ ಮೇಲೆ ಡ್ರಿಪ್ ಸೆಟ್ಟನ್ನು ಮತ್ತೆರಡು ಸಲ ತಾನಾಗೇ ತೊಳೆದಳು.

ಈಗ ಡಿಸ್ಟಿಲ್ಡ್ ನೀರು ತುಂಬಿ. ಡ್ರಿಪ್ ಸೆಟ್ಟಿನ ಕೊಳವೆ ಮೇಲಿರುವ ಚಕ್ರ ತಿರುಗಿಸಿ ನಿಮಿಷಕ್ಕೆ ಸುಮಾರು 15 ಹನಿ ಬೀಳುವ ಹಾಗೆ ಮಾಡಿ. ಅವಸರ ಬೇಡ. 5 ಎಂಎಲ್ ತುಂಬುವವರೆಗೆ ಎಣಿಸಿ. 100ರ ಆಸುಪಾಸು ಬಂದರೆ ನಿಮ್ಮ ಸಾಮಾನು ಸರಿ ಇದೆ ಎಂದರ್ಥ. ಮೂರು ಸಲ ಎಣಿಸಿ ಸರಾಸರಿ ತೆಗೆಯಿರಿ.

ಎಣಿಸುವಾಗ ಒಂದು ಹನಿಯನ್ನು ಹತ್ತಿರದಿಂದ ನೋಡಿ. ಮೊದಲು ತುದಿಯಲ್ಲಿ ಸಣ್ಣ ಉಬ್ಬು. ಅದು ಜೋಳಿಗೆ ಹಾಗೆ ಇಳಿಬೀಳುತ್ತದೆ. ಆಮೇಲೆ ಮೇಲೆ ಕತ್ತು ಮೂಡುತ್ತದೆ, ಕತ್ತು ಸಪೂರವಾಗುತ್ತದೆ, ಕಡೆಗೆ ಕಿತ್ತು ಬೀಳುತ್ತದೆ. ಪೂರ್ತಿ ಬೀಳುವುದಿಲ್ಲ, ಒಂದಿಷ್ಟು ತುದಿಯಲ್ಲೇ ಉಳಿಯುತ್ತದೆ. ತುದಿಯ ಅಂಚಿನ ಸುತ್ತ ಮೇಲ್ಮೈಯ ಬಿಗಿತ ಎಷ್ಟು ಭಾರ ಹೊರಬಲ್ಲದೋ ಅಷ್ಟು ದೊಡ್ಡ ಹನಿ. 1864ರಲ್ಲಿ ಟೇಟ್ ಎಂಬ ವಿಜ್ಞಾನಿ ಹೇಳಿದ ನಿಯಮ ಇದೇ. ತುದಿಯಲ್ಲಿ ಉಳಿಯುವ ಆ ಪಾಲಿಗಾಗಿಯೇ ಹಾರ್ಕಿನ್ಸ್ ಮತ್ತು ಬ್ರೌನ್ 1919ರಲ್ಲಿ ತಿದ್ದುಪಡಿ ಕೊಟ್ಟರು. ನಾವು ಅದೇ ತುದಿಯಲ್ಲಿ ನೀರಿನ ಜೊತೆ ಹೋಲಿಸುವುದರಿಂದ ಆ ತಪ್ಪು ಬಹುಪಾಲು ಹೊಡೆದುಹೋಗುತ್ತದೆ.

ಇನ್ನು ಅಂಟುವಾಳ. ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಹತ್ತು ಕಾಯಿಯ ಸಿಪ್ಪೆ ರಾತ್ರಿ ನೆನೆಹಾಕಿ, ಬೆಳಗ್ಗೆ ಕಿವುಚಿ, ಬಟ್ಟೆಯಲ್ಲಿ ಸೋಸಿ. ರೇಷ್ಮೆ ಸೀರೆ ಒಗೆಯಲು ಅಜ್ಜಿಯರು ಬಳಸುತ್ತಿದ್ದ ನೊರೆ ಇದೇ ಅಲ್ವಾ. ಅದರಲ್ಲಿರುವ ಸಪೋನಿನ್ ಅಣುವಿಗೆ ಒಂದು ಕಡೆ ನೀರು ಇಷ್ಟ, ಇನ್ನೊಂದು ಕಡೆಗೆ ನೀರೆಂದರೆ ಆಗದು. ಹಾಗಾಗಿ ಅದು ಮೇಲ್ಮೈಗೆ ಬಂದು ಸಾಲಾಗಿ ಕೂರುತ್ತದೆ, ನೀರಿನ ಬಿಗಿತ ಸಡಿಲವಾಗುತ್ತದೆ. ಇಂಥವನ್ನೇ ಸರ್ಫ್ಯಾಕ್ಟೆಂಟ್ ಅನ್ನುವುದು. ಅಣುಗಳು ಮೇಲೆ ಬರಲು ಸಮಯ ಬೇಕು, ನಿಧಾನವಾಗಿ ಹನಿಸಿ ಅಂದಿದ್ದು ಅದಕ್ಕೇ.

ಇದನ್ನು ತುಂಬಿ ಎಣಿಸುವ ಮೊದಲು "ಹನಿ ಜಾಸ್ತಿ ಆಗುತ್ತೋ, ಕಡಿಮೆನೋ?" ಅಂತ ಕೇಳಿದೆ. "ಎಳೆತ ಕಡಿಮೆ, ಹಾಗಾದ್ರೆ ಹನಿಯೂ ಕಡಿಮೆ" ಅಂದಳು. ಬಹಳ ಜನ ಎಡವುವುದು ಇಲ್ಲೇ. ಬಿಗಿತ ಸಡಿಲವಾದರೆ ಹನಿ ಬೆಳೆಯುವ ಮೊದಲೇ ಕಳಚಿಕೊಳ್ಳುತ್ತದೆ. ಸಣ್ಣ ಹನಿ, ಹಾಗಾಗಿ ಅದೇ 5 ಎಂಎಲ್‌ನಲ್ಲಿ ಜಾಸ್ತಿ ಹನಿ. ಉದಾಹರಣೆಗೆ ನೀರು 100 ಹನಿ, ಅಂಟುವಾಳ 160 ಹನಿ ಅಂತ ಇಟ್ಟುಕೊಳ್ಳಿ. 72ನ್ನು 100ರಿಂದ ಗುಣಿಸಿ 160ರಿಂದ ಭಾಗಿಸಿ. 45 ಡೈನ್. ಇಲ್ಲಿ ಸಾಂದ್ರತೆ ನೀರಿನಷ್ಟೇ ಅಂದುಕೊಂಡಿದ್ದೇವೆ. ಸ್ಪಿರಿಟ್ ಅಥವಾ ಎಣ್ಣೆ ಆದರೆ ಬಂದ ಉತ್ತರವನ್ನು ಅದರ ಸಾಂದ್ರತೆಯಿಂದ ಗುಣಿಸಿ ನೀರಿನ ಸಾಂದ್ರತೆಯಿಂದ ಭಾಗಿಸಬೇಕು.

ಪ್ಲಾಸ್ಟಿಕ್ ತುದಿಗೆ ನೀರು ಅಂಟುವ ರೀತಿ ಬೇರೆ, ಸೋಪಿನ ನೀರು ಅಂಟುವ ರೀತಿ ಬೇರೆ. ಹಾಗಾಗಿ ಮನೆಯ ಲೆಕ್ಕ ಅಂದಾಜು. ಕಾಲೇಜಿನಲ್ಲಿ ಹನಿ ಎಣಿಸಲು ಇರುವ ಸ್ಟ್ಯಾಲಗ್ಮೋಮೀಟರಿನ ಗಾಜಿನ ತುದಿಯೇ ನಂಬಿಕೆಗೆ ಯೋಗ್ಯ.

ಲ್ಯಾಬಿನಲ್ಲಿ ಇದನ್ನೇ ಒಂದು ಹೆಜ್ಜೆ ಮುಂದೆ ಒಯ್ಯಿರಿ. ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ಸರ್ಫ್ಯಾಕ್ಟೆಂಟಿನ ದ್ರಾವಣಗಳನ್ನು 0.05, 0.1, 0.15, 0.2, 0.25, 0.3, 0.4 ಶೇಕಡಾ ಹೀಗೆ ಮಾಡಿಕೊಳ್ಳಿ. ತೆಳುವಿನಿಂದ ಗಟ್ಟಿಯ ಕಡೆಗೆ ಹೋಗಿ, ಹಿಂದೆ ಬರಬೇಡಿ. ಎಳೆತ ಇಳಿಯುತ್ತಾ ಹೋಗಿ 0.23 ಶೇಕಡಾ ಹತ್ತಿರ ನಿಂತುಬಿಡುತ್ತದೆ. ಆಮೇಲೆ ಎಷ್ಟು ಹಾಕಿದರೂ ಹೆಚ್ಚುಕಮ್ಮಿ ಅಷ್ಟೇ. ಮೇಲ್ಮೈಯಲ್ಲಿ ಜಾಗ ತುಂಬಿತು, ಉಳಿದ ಅಣುಗಳು ಒಳಗೆ ಗುಂಪುಗೂಡಿ ಮೈಸೆಲ್ ಆದವು. ಗ್ರಾಫ್ ಮುರಿಯುವ ಆ ಜಾಗವೇ ಸಿಎಂಸಿ, ಅಂದರೆ ಮೈಸೆಲ್ ಕಟ್ಟಲು ಶುರುವಾಗುವ ಪ್ರಮಾಣ. ಆ ಜಾಗದಲ್ಲಿ ಗ್ರಾಫ್ ಸ್ವಲ್ಪ ತಗ್ಗಿ ಮತ್ತೆ ಏರಿದರೆ ಗಾಬರಿ ಬೇಡ. ಪುಡಿಯಲ್ಲಿ ಕಲಬೆರಕೆಯಾಗಿರುವ ಡೊಡೆಕನಾಲ್ ಎಂಬ ಆಲ್ಕೋಹಾಲ್ ಹಾಗೆ ಮಾಡುತ್ತದೆ. ನೀರಲ್ಲಿ ಕರಗದ ವಿಟಮಿನ್ 'ಎ', 'ಡಿ'ಗಳನ್ನು ನೀರಿನ ಔಷಧಿಯಲ್ಲಿ ಕೊಡಲು ಆಗುವುದು ಈ ಮೈಸೆಲ್‌ಗಳಿಂದ. ಅಂಟುವಾಳದಲ್ಲಿ ಹಲವು ಸಪೋನಿನ್ ಬೆರೆತಿರುವುದರಿಂದ ಅಲ್ಲಿ ಮುರಿತ ಇಷ್ಟು ಚೂಪಾಗಿ ಸಿಗುವುದಿಲ್ಲ.

ಕೆಸುವಿನ ಎಲೆಗೆ ವಾಪಸ್ ಬನ್ನಿ. ನೀರು ಎಲೆಯ ಜೊತೆ ಮಾಡುವ ಕೋನ 90 ಡಿಗ್ರಿಗಿಂತ ಬಹಳ ಜಾಸ್ತಿ, ಅದಕ್ಕೇ ಉರುಳುತ್ತದೆ. ಒಂದು ಹನಿ ಅಂಟುವಾಳದ ನೀರು ಮುಟ್ಟಿಸಿ ನೋಡಿ. ಮುತ್ತು ಕುಸಿದು ಹರಡುತ್ತದೆ. ಅಡಿಕೆ ತೋಟದವರಿಗೆ ಇದು ಗೊತ್ತು. ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವಾಗ ಮೈಲುತುತ್ತ, ಸುಣ್ಣದ ಜೊತೆ ಅಂಟು ಹಾಕದಿದ್ದರೆ ಮರ ಹತ್ತುವ ಕೊನೆಗಾರನ ಶ್ರಮವೆಲ್ಲ ನಯವಾದ ಕಾಯಿ ಮೇಲಿಂದ ಜಾರಿ ಮಳೆಯಲ್ಲಿ ಹೋಗುತ್ತದೆ. ಸಸ್ಪೆನ್ಷನ್, ಅಂದರೆ ಕರಗದ ಪುಡಿ ಬೆರೆಸಿದ ನೀರಿನ ಔಷಧಿ, ಮಾಡುವಾಗ ನಿಮಗೂ ಇದೇ ತೊಂದರೆ. ಗಂಧಕದ ಪುಡಿ ನೀರಿನ ಮೇಲೆ ತೇಲುತ್ತದೆ, ಸರ್ಫ್ಯಾಕ್ಟೆಂಟ್ ಸೇರಿಸಿದರೆ ಮುಳುಗುತ್ತದೆ. ಮೂತ್ರದಲ್ಲಿ ಪಿತ್ತದ ಲವಣ ಇದೆಯೇ ಅಂತ ನೋಡುವ ಹೇಸ್ ಪರೀಕ್ಷೆಯೂ ಇದೇ. ಪಿತ್ತ ಇದ್ದರೆ ಗಂಧಕ ಮುಳುಗುತ್ತದೆ.

ಎಚ್‌ಎಲ್‌ಬಿ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಸರ್ಫ್ಯಾಕ್ಟೆಂಟಿಗೆ ನೀರು ಹೆಚ್ಚು ಇಷ್ಟವೋ ಎಣ್ಣೆಯೋ ಅಂತ ಹೇಳಲು ಗ್ರಿಫಿನ್ 1949ರಲ್ಲಿ ಕೊಟ್ಟ ಅಳತೆ ಅದು. ಸ್ಪ್ಯಾನ್ 80 ಎಂಬ ಸರ್ಫ್ಯಾಕ್ಟೆಂಟಿಗೆ 4.3, ಟ್ವೀನ್ 80 ಎಂಬುದಕ್ಕೆ 15. ಮೊದಲನೆಯದು ಎಣ್ಣೆಯ ಕಡೆಗೆ, ಎರಡನೆಯದು ನೀರಿನ ಕಡೆಗೆ ಅಂತ ನೆನಪಿಟ್ಟರೆ ಸದ್ಯಕ್ಕೆ ಸಾಕು.

ಸಂಜೆ ಹುಡುಗಿ ಒಂದು ಪ್ರಶ್ನೆ ಕೇಳಿದಳು. "ಮಾವ, ಹಾಗಾದ್ರೆ ಔಷಧಿಯ ಹತ್ತು ಹನಿ ಅಂದ್ರೆ ಎಲ್ಲದಕ್ಕೂ ಒಂದೇ ಅಲ್ಲ?" ಅಲ್ಲವೇ ಅಲ್ಲ. 3 ಮಿಲಿಮೀಟರ್ ತುದಿಯ ಡ್ರಾಪರಿನಲ್ಲಿ ನೀರು ಎಂಎಲ್‌ಗೆ ಸುಮಾರು 20 ಹನಿ. ಅದೇ ತುದಿಯಲ್ಲಿ ಶುದ್ಧ ಆಲ್ಕೋಹಾಲ್ 50ರ ಆಸುಪಾಸು ಹೋಗುತ್ತದೆ. ತುದಿ ದಪ್ಪವಿದ್ದರೆ ಲೆಕ್ಕ ಮತ್ತೆ ಬೇರೆ. ನಾಳೆ ಕೌಂಟರಿನಲ್ಲಿ ನಿಂತಾಗ ಯಾರಾದರೂ ತಾಯಿ ಬಂದು, ಮಗುವಿನ ಹೊಸ ಜ್ವರದ ಡ್ರಾಪ್ಸ್‌ಗೆ ಮನೆಯಲ್ಲಿರುವ ಹಳೇ ಡ್ರಾಪರ್ ಆಗುತ್ತಾ ಅಂತ ಕೇಳುತ್ತಾರೆ. "ಬೇಡಮ್ಮ, ಈ ಬಾಟಲಿಗೆ ಇದರದ್ದೇ ಡ್ರಾಪರ್, ಹನಿ ಎಣಿಸುವ ಬದಲು ಅದರ ಮೇಲಿನ ಎಂಎಲ್ ಗೆರೆ ನೋಡಿ ಹಾಕಿ" ಅನ್ನಿ. ಆ ಗೆರೆ ಎಲ್ಲಿದೆ ಅಂತ ಅವರ ಕಣ್ಣೆದುರೇ ಬೆರಳಿಟ್ಟು ತೋರಿಸಿ.