ಭಾರ ಮೊದಲು ಹ್ಯಾಂಡ್‌ಬ್ರೇಕಿನ ಮೇಲೆ

ಬಳ್ಳಾರಿಯ ಊರೊಳಗಿನ ರಸ್ತೆಗಳು ಬಹುತೇಕ ಸಮತಟ್ಟಾಗಿರುವುದರಿಂದ, ಆಟೋಮ್ಯಾಟಿಕ್ ಕಾರು ಕೊಂಡ ಹೊಸತರಲ್ಲಿ ಗೇರ್ ಲಿವರನ್ನು ‘ಪಿ’ಗೆ, ಅಂದರೆ ಪಾರ್ಕಿಂಗಿಗೆ, ತಂದು ಎಂಜಿನ್ ಆರಿಸಿದರೆ ಸಾಕೆಂದೇ ನಾನು ತಿಳಿದಿದ್ದೆ. ಅದು ಸಾಲದೆಂದು ಗೊತ್ತಾದದ್ದು ಸಂಡೂರಿನ ಕುಮಾರಸ್ವಾಮಿ ಬೆಟ್ಟದ ಏರುದಾರಿಯಲ್ಲಿ. ಅವ್ವ ನೀರು ಕುಡಿಯಬೇಕೆಂದಾಗ ಕಾರು ನಿಲ್ಲಿಸಿ, ‘ಪಿ’ಗೆ ಹಾಕಿ, ಬ್ರೇಕಿನ ಮೇಲಿನ ಕಾಲು ತೆಗೆದೆ. ಕಾರು ತುಸು ಹಿಂದಕ್ಕೆ ಜರುಗಿ, ಒಮ್ಮೆಲೇ ತಡೆದಂತೆ ನಿಂತಿತು; ಹ್ಯಾಂಡ್‌ಬ್ರೇಕನ್ನು ಎಳೆದದ್ದು ಆಮೇಲೆ. ಹೊರಡುವಾಗ ಲಿವರ್ ಬಿಗಿದುಕೊಂಡಿತ್ತು. ಬಲ ಹಾಕಿ ಎಳೆದಾಗ ಕೆಳಗಿನಿಂದ ‘ಠಣ್’ ಎಂದು ಕೇಳಿದ ಸದ್ದಿಗೆ ಅವ್ವ “ಏನು ಮುರೀತಪ್ಪಾ?” ಎಂದು ಗಾಬರಿಯಾದಳು.

ಏನೂ ಮುರಿದಿರಲಿಲ್ಲ. ಗೇರ್‌ಬಾಕ್ಸಿನೊಳಗೆ ಒಂದು ಹಲ್ಲಿನ ಚಕ್ರವಿದ್ದು, ‘ಪಿ’ಗೆ ಹಾಕಿದಾಗ ಉಕ್ಕಿನ ಚಿಕ್ಕ ಕೊಕ್ಕೆಯೊಂದು ಅದರ ಹಲ್ಲಿನ ಸಂದಿಗೆ ಬೀಳುತ್ತದೆ ಎಂದು ಮೆಕ್ಯಾನಿಕ್ ವಿವರಿಸಿದರು. ಇಳಿಜಾರಿನಲ್ಲಿ ನಾನು ಮಾಡಿದಂತೆ ಮಾಡಿದರೆ ಇಡೀ ಕಾರಿನ ಭಾರ ಆ ಕೊಕ್ಕೆಯ ಮೇಲೆಯೇ ಬೀಳುತ್ತದೆ. ಮುಂದಿನ ಗಾಲಿಗಳಿಂದ ಓಡುವ ನನ್ನ ಕಾರಿನಲ್ಲಿ ‘ಪಿ’ ಹಿಡಿಯುವುದು ಮುಂದಿನ ಗಾಲಿಗಳನ್ನು, ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನವನ್ನು. ಆದ್ದರಿಂದ ಎರಡೂ ಬೇಕು, ಆದರೆ ಭಾರ ಹೊರಬೇಕಾದದ್ದು ಹ್ಯಾಂಡ್‌ಬ್ರೇಕ್.

ಅಂದಿನಿಂದ ನಾನು ಕಾಲು ಬ್ರೇಕಿನ ಮೇಲಿರುವಾಗಲೇ ಲಿವರನ್ನು ‘ಎನ್’ಗೆ (ನ್ಯೂಟ್ರಲ್) ತಂದು, ಹ್ಯಾಂಡ್‌ಬ್ರೇಕನ್ನು ಪೂರ್ತಿ ಎಳೆದು, ಕಾಲನ್ನು ನಿಧಾನವಾಗಿ ಸಡಿಲಿಸುತ್ತೇನೆ. ಕಾರು ಕೊಂಚ ಕುಸಿದು ನಿಂತದ್ದು ಸೀಟಿಗೆ ತಿಳಿಯುತ್ತದೆ. ಅದು ಜರುಗುತ್ತಲೇ ಇದ್ದರೆ ಹ್ಯಾಂಡ್‌ಬ್ರೇಕ್ ಸಡಿಲವಾಗಿದೆ ಎಂದೇ ಅರ್ಥ. ಅಂಥ ಕಾರನ್ನು ಅಲ್ಲಿ ಬಿಟ್ಟು ಇಳಿಯಬಾರದು. ನಿಂತಿತೆಂದು ಖಾತ್ರಿಯಾದ ಮೇಲೆ ಮತ್ತೆ ಬ್ರೇಕ್ ಒತ್ತಿ ‘ಪಿ’ಗೆ ಹಾಕಿ ಎಂಜಿನ್ ಆರಿಸುತ್ತೇನೆ. ಹೊರಡುವಾಗ ಬ್ರೇಕ್ ಒತ್ತಿಕೊಂಡು ಎಂಜಿನ್ ಚಾಲೂ ಮಾಡಿ, ‘ಪಿ’ಯಿಂದ ‘ಡಿ’ಗೆ (ಮುಂದಕ್ಕೆ ಓಡಿಸುವ ಗೇರ್) ತಂದ ಬಳಿಕವೇ ಹ್ಯಾಂಡ್‌ಬ್ರೇಕ್ ಇಳಿಸುತ್ತೇನೆ. ಲಿವರ್ ಈಗ ಬೆಣ್ಣೆಯಂತೆ ಜಾರುತ್ತದೆ.

ಬೆಟ್ಟದ ದಾರಿಯಲ್ಲಿ ಎಡಬದಿಗೆ ಗುಡ್ಡವಿರುವ, ತಿರುವಿನಿಂದ ದೂರವಾದ ಜಾಗವನ್ನೇ ಹುಡುಕುತ್ತೇನೆ. ಎಡಕ್ಕೆ ಕಮರಿಯಿದ್ದರೆ ಎಷ್ಟೇ ಅವಸರವಿದ್ದರೂ ಮುಂದೆ ಹೋಗುತ್ತೇನೆ. ಮೂತಿ ಏರಿನ ಕಡೆಗಿರಲಿ, ಇಳಿಜಾರಿನ ಕಡೆಗಿರಲಿ, ಸ್ಟೀರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸಿಡುತ್ತೇನೆ. ಆಗ ಕಾರು ಜರುಗಿದರೂ ರಸ್ತೆಗೆ ಬರದೆ ಗುಡ್ಡಕ್ಕೆ ಆತು ನಿಲ್ಲುತ್ತದೆ. ರಸ್ತೆಯ ಅಂಚಿಗೆ ಎತ್ತರದ ಕಲ್ಲುಕಟ್ಟೆ ಇದ್ದು ಕಾರು ಏರುಮುಖವಾಗಿದ್ದರೆ ಮಾತ್ರ ಬಲಕ್ಕೆ ತಿರುಗಿಸಬೇಕು. ಆಗ ಮುಂದಿನ ಗಾಲಿಯ ಹಿಂಬದಿ ಕಟ್ಟೆಗೆ ತಾಗಿ ತಡೆಯುತ್ತದೆ.

ಗಾಲಿಗೆ ಕಲ್ಲು ಕೊಡುವುದನ್ನು ಕಲಿತದ್ದು ಅದಿರು ಲಾರಿಗಳ ಕ್ಲೀನರುಗಳನ್ನು ನೋಡಿ. ಲಾರಿ ನಿಲ್ಲುವ ಮೊದಲೇ ಇಳಿದು, ಇಳಿಜಾರಿನ ಬದಿಯಿಂದ ಗಾಲಿಗೆ ಕಲ್ಲನ್ನು ಒತ್ತಿ ಇಡುತ್ತಾರೆ. ನಾನು ಡಿಕ್ಕಿಯಲ್ಲಿ ಮೂರು ಮೂಲೆಯ ಎರಡು ಮರದ ತುಂಡುಗಳನ್ನು ಇಟ್ಟುಕೊಂಡಿದ್ದೇನೆ. ಉರುಟು ಕಲ್ಲು ಜಾರುತ್ತದೆ, ಇವು ಜಾರುವುದಿಲ್ಲ.

ನನ್ನ ತಮ್ಮನದು ಎಎಂಟಿ ಕಾರು, ಅಂದರೆ ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸಿನ ಗೇರುಗಳನ್ನು ಯಂತ್ರವೇ ಬದಲಿಸುವಂಥದ್ದು; ಅದರಲ್ಲಿ ‘ಪಿ’ಯೇ ಇಲ್ಲ. ಅದನ್ನು ಏರುಮುಖವಾಗಿ ನಿಲ್ಲಿಸಿದಾಗ ‘ಡಿ’ಯಲ್ಲಿ, ಇಳಿಮುಖವಾದಾಗ ‘ಆರ್’ನಲ್ಲಿ (ರಿವರ್ಸ್) ಇಟ್ಟೇ ಎಂಜಿನ್ ಆರಿಸಬೇಕು, ಹ್ಯಾಂಡ್‌ಬ್ರೇಕ್ ಮತ್ತು ಮರದ ತುಂಡು ಅದಕ್ಕೂ ಬೇಕು.